ಬೆಚ್ಚಗಿದ್ದ ಟ್ಯೂಬಾ

ನಾರ್ವೆಯ ಕಡಲತೀರದ ಊರೊಂದರ ವಾದ್ಯವೃಂದದಲ್ಲಿ ನಾನು ಟ್ಯೂಬಾ ಊದುತ್ತೇನೆ. ನನಗಿಂತ ಮೊದಲು ಅದೇ ಕುರ್ಚಿಯಲ್ಲಿ ಕೂತು ಅದೇ ಹಿತ್ತಾಳೆ ವಾದ್ಯ ಊದುತ್ತಿದ್ದವರು ಟೊರ್ಲೈವ್ ಹೌಗ್ನೆಸ್. ಜೀವಮಾನವಿಡೀ ಸಿಂಫನಿ ಬರೆದರು; ಯಾರೂ ಒಂದನ್ನೂ ನುಡಿಸಲಿಲ್ಲ. ಅವರು ತೀರಿಕೊಂಡ ಮೇಲೆ, ಹೆಂಡತಿ ಓಸ್‌ಹಿಲ್ಡ್ ಬೇಡಿಕೊಂಡರೆಂದು, ಜೂನ್ ತಿಂಗಳಲ್ಲಿ ಒಂದನ್ನು ತಾಲೀಮಿಗೆ ಎತ್ತಿಕೊಂಡೆವು. ಸೆಕೆಗೆ ಕಿಟಕಿಗಳೆಲ್ಲ ತೆರೆದಿದ್ದವು.

ಅದರಲ್ಲಿ ಟ್ಯೂಬಾಕ್ಕೆ ಕೊನೆಯ ಭಾಗದಲ್ಲಿ ಮಾತ್ರ ಕೆಲಸ. ಅಲ್ಲಿಯವರೆಗೆ ವಾದ್ಯ ತಣ್ಣಗಾಗಿ ಶ್ರುತಿ ಇಳಿಯದಿರಲೆಂದು ಸದ್ದಿಲ್ಲದೆ ಬಿಸಿಯುಸಿರು ತುಂಬುತ್ತಿರುವುದು ನಮ್ಮ ರೂಢಿ. ತುಟಿಗಿಟ್ಟರೆ ವಾದ್ಯ ಆಗಲೇ ಬೆಚ್ಚಗಿತ್ತು, ಯಾರೋ ಈಗಷ್ಟೇ ಊದಿ ಇಟ್ಟಂತೆ. ಒದ್ದೆಯೂ ಆಗಿತ್ತು. ಒರೆಸಿದೆ. ಮತ್ತೆ ಒದ್ದೆಯಾಯಿತು.

ಕೊನೆಯ ಭಾಗ ಇನ್ನೇನು ಬರಬೇಕು, ವೃಂದ ನಡೆಸುತ್ತಿದ್ದ ಎಸ್ಕಿಲ್ ಕೈ ಇಳಿಸಿದ. "ಇದನ್ನ ಇಲ್ಲಿಗೇ ಬಿಟ್ಬಿಡೋಣ. ಯಾರ್ ಕೇಳ್ತಾರೆ?"

"ಬದುಕಿದ್ದಾಗ್ಲೇ ಯಾರೂ ಕೇಳ್ಲಿಲ್ಲ, ಪಾಪ," ಪಕ್ಕದ ರಾಗ್ನಾ ನನಗೆ ಮೊಣಕೈ ತಿವಿದಳು. "ನಿಂಗೇನಪ್ಪಾ, ಪುಕ್ಕಟೆ ಸಂಬಳ!"

ಟ್ಯೂಬಾವನ್ನು ತುಟಿಯಿಂದ ತೆಗೆಯದೆಯೇ ನಾನೂ ನಕ್ಕೆ. ತಕ್ಷಣ ಅದು ಮಂಜುಗಡ್ಡೆಯಾಯಿತು. ತುಟಿ ಲೋಹಕ್ಕೆ ಅಂಟಿತು. ಕಿತ್ತುಕೊಂಡಾಗ ಚರ್ಮ ಅಲ್ಲೇ ಉಳಿಯಿತು.

ಎದುರಿಗೆ ಕೂತು ಕೇಳುತ್ತಿದ್ದ ಓಸ್‌ಹಿಲ್ಡ್ ಬಂದು ಕರವಸ್ತ್ರ ಕೊಟ್ಟರು. "ಅವರ ಮುಂದೇನೇ ಹಾಗನ್ಬಾರ್ದಿತ್ತು," ಎಂದರು, ನನ್ನ ಕುರ್ಚಿಯನ್ನೇ ನೋಡುತ್ತ.

ಆ ಸಿಂಫನಿಯನ್ನು ಮತ್ತೆ ಯಾರೂ ಮುಟ್ಟಲಿಲ್ಲ.

ಡಾಕ್ಟರು ಗಾಯ ನೋಡಿ, "ಚಳಿಗಾಲದಲ್ಲಿ ಕಬ್ಬಿಣದ ಕಂಬ ನೆಕ್ಕೋ ಮಕ್ಕಳಿಗೆ ಹೀಗಾಗುತ್ತೆ. ಈ ಸೆಕೇಲಿ ನಿಮಗೆಲ್ಲಿ ಸಿಕ್ತ್ರೀ ಅಂಥ ಕಂಬ?" ಎಂದು ನಕ್ಕರು.

ಆವತ್ತಿನಿಂದ ಎಷ್ಟು ಉಸಿರು ತುಂಬಿದರೂ ಆ ಟ್ಯೂಬಾ ಬೆಚ್ಚಗಾಗಿಲ್ಲ.