ಕೊನೆಯ ಸುತ್ತಿನ ತಿರುಪು

ಗಾಜಿನ ಪೆಟ್ಟಿಗೆ ಇತ್ತು. ಬೀಗವೂ ಇತ್ತು. ಒಳಗಿದ್ದ ಹಿತ್ತಾಳೆ ಫಲಕ ಮಾತ್ರ ಇರಲಿಲ್ಲ.

ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಇದು ಗೊತ್ತಾದದ್ದು ಬೆಳಗ್ಗೆ ಹತ್ತಕ್ಕೆ. ಸಮಾರಂಭ ಸಂಜೆ ನಾಲ್ಕಕ್ಕೆ. ವಿದ್ಯಾರ್ಥಿಗಳನ್ನು ಸೇವೆಗೂ ಕಲಿಕೆಗೂ ಸೇರಿಸಿಕೊಳ್ಳುವ ಊರಿನ ಒಂದು ಸಂಸ್ಥೆಗೆ ವರ್ಷಕ್ಕೊಮ್ಮೆ ಗೌರವ. ಈ ಸಲದ್ದು ಗಾಲಿಕುರ್ಚಿ ರಿಪೇರಿಯ ಶೆಡ್ಡಿಗೆ.

"ಬೀಗದ ಕೈ ಇರೋದು ಒಂದೇ. ಅದು ನಿನ್ನ ಸೊಂಟದಲ್ಲಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇನಯ್ಯಾ?" ಎಂದರು ರಿಜಿಸ್ಟ್ರಾರ್.

ಕಾವಲುಗಾರ ತಲೆ ತಗ್ಗಿಸಿದ. ಮೂವತ್ತೊಂದು ವರ್ಷದ ನೌಕರಿ. ಬೀಗವನ್ನು ಬೀಗರಂತೆ ಉಪಚರಿಸುವ ಮನುಷ್ಯ. ಹಾಕಿದ ಮೇಲೆ ಎರಡು ಸಲ ಎಳೆದು ನೋಡದೆ ಹೆಜ್ಜೆ ಕೀಳುತ್ತಿರಲಿಲ್ಲ.

"ನಾಲ್ಕರೊಳಗೆ ಫಲಕ ಬರಬೇಕು. ಇಲ್ಲಾಂದ್ರೆ ಪೊಲೀಸ್."

"ಸರ್, ಅಲ್ಲೀವರೆಗೂ ನಂಗೆ ಬಿಡಿ," ಎಂದಿತು ಹಿಂದಿನಿಂದ ಒಂದು ದನಿ.

ಅದು ಗಿಳಿ. ಕಾವಲುಗಾರನ ಮಗಳು. ಕ್ಯಾಂಪಸ್ ರೇಡಿಯೋದಲ್ಲಿ ಸುದ್ದಿ ಓದುತ್ತಾಳೆ. ಮೇಲಿನವರ ದನಿಯಲ್ಲೇ ಮೇಲಿನವರ ಸುದ್ದಿ ಓದಿ ಮೂರು ಸಲ ನೋಟಿಸ್ ಪಡೆದವಳು.

* * *

"ಅಪ್ಪ, ಪೆಟ್ಟಿಗೆ ಬಿಟ್ಟು ಎಲ್ಲಿಗಾದ್ರೂ ಹೋಗಿದ್ಯಾ?"

"ಒಂಬತ್ತಕ್ಕೆ ಚಹಾಕ್ಕೆ. ಹತ್ತು ನಿಮಿಷ ಕಣೇ. ಬಂದ್ಮೇಲೆ ಮುಂಬಾಗಿಲಲ್ಲೇ ಇದ್ದೆ. ಊರೆಲ್ಲಾ ಕಳ್ಳ ಅನ್ನಲಿ, ನೀನು..."

"ನಾನು ಗಿಳೀನೇ ಅಪ್ಪ. ಆದ್ರೆ ಬೇರೆಯವರು ಹೇಳಿಕೊಟ್ಟಿದ್ದನ್ನೆಲ್ಲಾ ಹೇಳಲ್ಲ."

ಅವಳು ಪೆಟ್ಟಿಗೆಯ ಬಾಗಿಲಿಗೆ ಕೈ ಹಚ್ಚಿದಳು. ಬೀಗದ ಕಡೆ ಗಟ್ಟಿ. ಕೀಲಿನ ಕಡೆ ಲಟಲಟ. ನಾಲ್ಕು ಸ್ಕ್ರೂಗಳೂ ತಮ್ಮ ತೂತುಗಳಲ್ಲೇ ಇದ್ದವು, ಆದರೆ ಬೆರಳಿಗೇ ತಿರುಗುವಷ್ಟು ಸಡಿಲ.

ಹಾಗಾದರೆ ಕಳ್ಳ ಬೀಗ ಮುಟ್ಟಿಲ್ಲ. ಕೀಲು ಬಿಚ್ಚಿದ್ದಾನೆ. ಬೀಗದ ಕೈ ಸೊಂಟದಲ್ಲಿದ್ದವನಿಗೆ ಕೀಲಿನ ಗೋಜೇಕೆ?

ಸಭಾಂಗಣದಲ್ಲಿ ತಿರುಪುಳಿ ಇದ್ದದ್ದು ಮೈಕಿನವನ ಹತ್ತಿರ ಮಾತ್ರ. ಗಿಳಿ ಕೇಳಿದ್ದೇ ತಡ, ಅವನು ಎರಡೂ ಜೇಬು ಕೊಡವಿದ. ನೆಲದ ತುಂಬ ಸ್ಕ್ರೂ.

"ಬಿಚ್ಚಿದ್ದನ್ನ ವಾಪಸ್ ಹಾಕೋ ಆಸಾಮಿ ಅಲ್ಲಮ್ಮ ನಾನು. ಇದು ನನ್ನ ಹೆಂಡತಿಯೂ ಹೇಳ್ತಾಳೆ. ಅದಿರ್ಲಿ, ಬೆರಳಲ್ಲಿ ತಿರುವಿ ಬಿಡೋದು ಗಾಲಿ ಶೆಡ್ಡಿನವರ ಚಾಳಿ. ನಮ್ಮ ಸ್ಪೀಕರ್ ಟ್ರಾಲಿ ರಿಪೇರಿ ಮಾಡುವಾಗ ನೋಡಿದೀನಿ."

* * *

ಶೆಡ್ಡಿನಲ್ಲಿ ಗ್ರೀಸಿನ ವಾಸನೆ, ಗೋಡೆ ತುಂಬ ನೇತಾಡುವ ಚಕ್ರಗಳು. ಇಪ್ಪತ್ತು ವಿದ್ಯಾರ್ಥಿಗಳು ನೆಲದ ಮೇಲೆ ಕೂತು ಬ್ರೇಕ್ ಕೂಡಿಸುತ್ತಿದ್ದರು. ನಡುವೆ ಶೆಡ್ಡು ನಡೆಸುವ ಗಾಲಿ ಅಕ್ಕ, ತಾನೂ ಗಾಲಿಕುರ್ಚಿಯಲ್ಲೇ.

ಗಿಳಿ ಮೊಬೈಲಿನಲ್ಲಿ ಸ್ಕ್ರೂಗಳ ಚಿತ್ರ ತೋರಿಸಿದಳು.

"ನಮ್ಮ ಕೈಚಳಕವೇ," ಅಕ್ಕ ಮುಖ ಸಣ್ಣ ಮಾಡಿಕೊಂಡಳು. "ಜೋಡಿಸಿದವರು ಕೊನೇ ಸುತ್ತು ಬಿಗಿ ಮಾಡಬಾರದು. ಇನ್ನೊಬ್ಬರು ಬಂದು ನೋಡಿ ಬಿಗೀಬೇಕು. ನಮ್ಮ ತಪ್ಪು ನಮ್ಮ ಕಣ್ಣಿಗೆ ಕಾಣಲ್ಲ. ಮೇಲೆ ಕೂರೋದು ಜೀವ ಅಲ್ವಾ?"

"ಈ ಹುಡುಗರಲ್ಲಿ ಯಾರಾದ್ರೂ?"

"ಏಳು ಗಂಟೆಯಿಂದ ಎಲ್ಲಾ ಇಲ್ಲೇ ಇದಾರೆ, ಒಬ್ಬರೂ ಎದ್ದಿಲ್ಲ."

"ಬೇರೆ ಯಾರಾದ್ರೂ ಕಲಿತಿದಾರಾ ಅಕ್ಕಾ?"

"ಒಬ್ಬರಿದಾರೆ. ಎರಡು ತಿಂಗಳಿಂದ ಶನಿವಾರ ಬರ್ತಾರೆ. ಅವರಮ್ಮನ ಕುರ್ಚಿ ಮುರಿದಿತ್ತು. ರಿಪೇರಿ ಮಾಡಿಕೊಡ್ತೀನಿ ಅಂದ್ರೆ, ಬೇಡ, ಕಲಿಸಿಕೊಡಿ ಅಂದ್ರು. ಹೆಸರು ಹೇಳಲ್ಲ. ಈ ಹುಡುಗರೂ ಹೊಸಬರು, ಗುರುತಿಲ್ಲ. ನಾವು ಶನಿವಾರ ಅಂತೀವಿ. ಪಾಠ ಹೇಳೋ ಕೆಲಸವಂತೆ."

ಗಿಳಿಯ ಕಣ್ಣು ಮಿನುಗಿತು. ಪೊಲೀಸರು ಗುರುತಿಗೆ ಮುಖಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಅವಳು ದನಿಗಳನ್ನು ನಿಲ್ಲಿಸಿದಳು.

ಮೊದಲು ಕುಲಪತಿ: "ಆತ್ಮೀಯರೇ, ಅತ್ಯಾತ್ಮೀಯರೇ..."

"ಅಲ್ಲ."

ಆಮೇಲೆ ರಿಜಿಸ್ಟ್ರಾರ್: "ಕನ್ನಡಿ ಬೇಕೇನಯ್ಯಾ?"

"ದೇವರೇ, ಅಲ್ಲಪ್ಪ!"

ಕೊನೆಗೆ ಪ್ರಶಸ್ತಿ ಸಮಿತಿಯ ಅಧ್ಯಕ್ಷ, ಡೀನ್: "ಹಂ... ಅಂದ್ರೆ... ಹಂ... ನನ್ನ ಅಭಿಪ್ರಾಯದಲ್ಲಿ... ಅಂದ್ರೆ..."

ಶೆಡ್ಡಿಗೆ ಶೆಡ್ಡೇ ಬಿದ್ದು ಬಿದ್ದು ನಕ್ಕಿತು. "ಶನಿವಾರ! ಶನಿವಾರ!"

* * *

ಮೂರೂವರೆಗೆ ಸಭಾಂಗಣದ ಹಿಂಬಾಗಿಲಿನಿಂದ ಡೀನ್ ಒಳಗೆ ಬಂದರು. ಕಂಕುಳಲ್ಲಿ ಚೀಲ. ಎದುರಿಗೆ ಗಿಳಿ, ಪಕ್ಕದಲ್ಲಿ ಕಾವಲುಗಾರ.

"ಸರ್, ಕಳ್ಳತನ ನಮ್ಮಪ್ಪನ ತಲೆಗೆ ಬಂದಿದೆ."

ಡೀನ್ ದೀನರಾದರು. "ಹಂ... ನಂಗೆ ಗೊತ್ತೇ ಇಲ್ಲಮ್ಮ. ಕೆತ್ತೋನ ಅಂಗಡೀಲಿ ಕೂತಿದ್ದೆ. ಒಂಬತ್ತೂವರೆಗೆ ವಾಪಸ್ ಇಡೋಣ ಅಂದ್ಕೊಂಡಿದ್ದೆ, ಅಲ್ಲಿ ಕರೆಂಟ್ ಹೋಯ್ತು. ಬಂದದ್ದು ಮಧ್ಯಾಹ್ನದ ಮೇಲೆ."

ಚೀಲದಿಂದ ಫಲಕ ಬಂತು. ಮುಂದೆ, ಮೂರು ತಿಂಗಳ ಹಿಂದೆ ಅವರೇ ಬರೆದ ಸಾಲು: 'ನಮ್ಮ ವಿದ್ಯಾರ್ಥಿಗಳ ಸೇವೆ ಪಡೆದ ಸಂಸ್ಥೆಗೆ.'

"ಶೆಡ್ಡಿನ ಮುಖ ನೋಡದೆ ಬರೆದೆ. ಆಮೇಲೆ ಆಯಮ್ಮ ನನ್ನ ಕೈ ಹಿಡಿದು ಕಲಿಸಿದರು. ಸೇವೆ ಪಡೆದೋರು ನಾವಲ್ವಾ? ಕುಲಪತಿಗಳನ್ನ ಎರಡು ಸಲ ಕೇಳಿದೆ. ಕರೆಯೋಲೆ ಅಚ್ಚಾಗಿದೆ, ಬದಲಾಗಲ್ಲ ಅಂದ್ರು. ಜಗಳ ಆಡೋಕೆ ಬರಲ್ಲ ನಂಗೆ. ಕಳ್ಳತನಾನೂ ಬರಲ್ಲ ಅಂತ ಈಗ ಗೊತ್ತಾಯ್ತು. ಹೇಗೆ ಸಿಕ್ಕಿಬಿದ್ದೆ?"

"ಕೊನೇ ಸುತ್ತು ಬಿಗಿ ಮಾಡಲಿಲ್ಲ ನೀವು."

"ಅಯ್ಯೋ! ಕೈ ಅದಕ್ಕೆ ಒಗ್ಗಿಹೋಗಿದೆ."

ಕಾವಲುಗಾರ ಇಷ್ಟು ಹೊತ್ತಿಗೆ ಬಾಯಿ ಬಿಟ್ಟ. "ಸ್ವಾಮಿ, ಮೈಕಲ್ಲಿ ಹೇಳ್ತೀರಾ?"

ಹೇಳಿದರು. ನಾಲ್ಕಕ್ಕೆ, ತುಂಬಿದ ಸಭೆಯಲ್ಲಿ, ಒಂದೇ ಒಂದು 'ಹಂ' ಇಲ್ಲದೆ. ಕದ್ದದ್ದು ತಾನು, ಬೈಸಿಕೊಂಡದ್ದು ಕಾವಲುಗಾರ ಎಂದರು. ಫಲಕ ತಿರುಗಿಸಿ ಬೆನ್ನ ಮೇಲಿನ ಹೊಸ ಸಾಲು ಓದಿದರು: 'ನಮಗೆ ಕಲಿಸಿದ ಶೆಡ್ಡಿಗೆ.' ಕುಲಪತಿಗಳ ಮುಖ ಕೆಂಪಾಯಿತು. ಆದರೆ ಇಪ್ಪತ್ತು ವಿದ್ಯಾರ್ಥಿಗಳು ಎದ್ದು ನಿಂತು ಚಪ್ಪಾಳೆ ತಟ್ಟುವಾಗ ಕೂತೇ ಇರುವುದು ಅವರಿಗೂ ಕಷ್ಟವಾಯಿತು. ರಿಜಿಸ್ಟ್ರಾರ್ ವೇದಿಕೆ ಇಳಿದು ಬಂದು ಕಾವಲುಗಾರನ ಕೈ ಹಿಡಿದರು. ಕನ್ನಡಿಯ ಮಾತೆತ್ತಲಿಲ್ಲ.

* * *

ಮರುದಿನ ಶನಿವಾರ. ಡೀನ್ ಶೆಡ್ಡಿನ ಗೋಡೆಗೆ ಫಲಕ ಹಚ್ಚಿದರು. ನಾಲ್ಕು ಸ್ಕ್ರೂಗಳನ್ನೂ ಬೆರಳಲ್ಲೇ ತಿರುವಿ ಹಿಂದೆ ಸರಿದರು.

ಗಾಲಿ ಅಕ್ಕ ತಿರುಪುಳಿಯನ್ನು ಕಾವಲುಗಾರನ ಕೈಗಿಟ್ಟಳು.

"ನಾನಾ? ನಂಗೇನು ಗೊತ್ತು ತಾಯೀ?"

"ಎರಡನೇ ಸಲ ನೋಡೋ ಕೆಲಸ ಅಣ್ಣ. ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಅವನು ಒಂದೊಂದಾಗಿ ನಾಲ್ಕನ್ನೂ ಬಿಗಿದ. ಆಮೇಲೆ ಫಲಕದ ಅಂಚು ಹಿಡಿದು ಎಳೆದು ನೋಡಿದ. ಎರಡು ಸಲ.