ಮೊದಲ ಎಂಜಿನ್ನಿನ ಬಾಗಿಲು

ನಮ್ಮ ಡೀಸೆಲ್ ರೈಲೆಂಜಿನ್ ಕಾರ್ಖಾನೆಗೆ ಐವತ್ತು ತುಂಬಿದಾಗ ಅದರ ಇತಿಹಾಸವನ್ನು ಅಚ್ಚು ಹಾಕಿಸಿ ಹಂಚಿದರು. 'ಒಂದು ಸಾವೂ ಕಾಣದ ಕಾರ್ಖಾನೆ' ಎಂದು ಅದರಲ್ಲಿ ಓದಿ ನನ್ನ ಮೈಯೆಲ್ಲ ಉರಿದುಹೋಯಿತು. ಮೊದಲ ಎಂಜಿನ್ನನ್ನು ಪರೀಕ್ಷಿಸುವಾಗ ನನ್ನ ಭಾವ ಅದರೊಳಗೇ ಬೆಂದು ಸತ್ತಿದ್ದ. ಈಗ ಅದು ಪ್ರದರ್ಶನಕ್ಕಿಟ್ಟ ಖಾಲಿ ಡಬ್ಬಿ. ಹಾಡುಹಗಲೇ ಮ್ಯಾನೇಜರನನ್ನು ಅದರ ಮುಂದೆ ಎಳೆದು ತಂದು, "ಇಲ್ಲೇ ಕಣಯ್ಯಾ ಸತ್ತದ್ದು! ಈಗ ಹೇಳು ಆ ಸುಳ್ಳು" ಎಂದೆ.

"ಹಳೇದನ್ನೆಲ್ಲ ಯಾಕಪ್ಪ ಕೆದಕ್ತೀಯ?" ಎನ್ನುತ್ತ ಅವನು ಬಾಗಿಲಿಗೆ ಕೈಯೂರಿದ. ಅವನ ಅಂಗೈ ಚುರ್ರೆಂದು ಸುಟ್ಟಿತು. ನಾನೂ ಮುಟ್ಟಿದೆ, ಬಾಗಿಲು ತಣ್ಣಗಿತ್ತು. ಒಳಗೆ ಯಾರೋ ಕೆಮ್ಮಿದರು.

ಯಾರೆಂದು ಮ್ಯಾನೇಜರ್ ಕೇಳಲಿಲ್ಲ. ಬೊಬ್ಬೆಯೆದ್ದ ಕೈ ಹಿಡಿದುಕೊಂಡೇ ಬಾಗಿಲಿಗೆ ಬೆಸುಗೆ ಹಾಕಿಸಿಬಿಟ್ಟ.

ಸಂಜೆ ಬೆಸುಗೆಯವನು ನನ್ನ ಹತ್ತಿರ ಬಂದ. "ಬಾಗಿಲು ಸಡಿಲವಾಗಿ ಅಲ್ಲಾಡ್ತಿತ್ತು, ಅಣ್ಣಾ, ಬೆಸುಗೆ ಕೂರ್ತಿರಲಿಲ್ಲ. ಆಮೇಲೆ ನನ್ನ ಕೆಲಸ ಮುಗಿಯೋವರೆಗೂ ಒಳಗಿಂದ ಯಾರೋ ಅದನ್ನ ಗಟ್ಟಿಯಾಗಿ ಎಳೆದು ಹಿಡ್ಕೊಂಡಿದ್ರು."