ಕೊನೆಯ ಚರಣದಲ್ಲಿ ನಿಂತ ಟ್ರಂಪೆಟ್

"ನಿನ್ನೆ ರೇಡಿಯೋದಲ್ಲಿ ಹೇಡಿ ಅಂದ್ರಲ್ಲ... ಅವರು ನಮ್ಮಪ್ಪ!"

ಸ್ಟುಡಿಯೋದ ದಪ್ಪ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಹೊರಬಂದವಳು ಅಲ್ಲೇ ನಿಂತುಬಿಟ್ಟಳು.

ಎದುರಿಗೆ ನಿಂತಿದ್ದವನು ಸ್ಟೇಷನ್ನಿನ ಪಿಯಾನೊ ಶ್ರುತಿ ಮಾಡಲು ಬರುವವನು. ಇದುವರೆಗೆ ಅವಳು ಅವನ ಬೆನ್ನನ್ನಷ್ಟೇ ನೋಡಿದ್ದಳು. ಬಂದಾಗಲೆಲ್ಲ ಅವನು ಪಿಯಾನೊದ ಹೊಟ್ಟೆಯೊಳಗೆ ತಲೆ ತೂರಿಸಿಕೊಂಡೇ ಇರುತ್ತಿದ್ದ. ಇವತ್ತು ಮುಖ ಕಂಡಿತು. ಕೋಪಕ್ಕೆ ಕಿವಿಯವರೆಗೆ ಕೆಂಪಾಗಿದ್ದ ಮುಖ.

"ಯಾರು... ಯಾವ ಅಪ್ಪ?"

"ಆ ಹಾಡಿನಲ್ಲಿ ಟ್ರಂಪೆಟ್ ನುಡಿಸಿದವರು. ನಿನ್ನೆ ರಾತ್ರಿಯಿಂದ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ. ಒಂದು ಮಾತಿಲ್ಲ, ಒಂದು ತುತ್ತು ಊಟ ಇಲ್ಲ!"



ಪ್ರತಿ ಸಂಜೆ ಒಂದು ಹಳೆಯ ಜಾಝ್ ಹಾಡು, ಅದರ ಹಿಂದಿನ ಕಥೆ. ಅದು ಅವಳ ಕಾರ್ಯಕ್ರಮ. ಕೇಳುಗರು ಅವಳನ್ನು 'ಸಂಜೆಯಕ್ಕ' ಎನ್ನುತ್ತಿದ್ದರು. ಮೊಮ್ಮಕ್ಕಳನ್ನು ಕಂಡವರೂ ಫೋನ್ ಮಾಡಿ "ಅಕ್ಕಾ" ಎನ್ನುವಾಗ, ಇನ್ನೂ ಮದುವೆಯಾಗದ ಅವಳಿಗೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ.

ನಿನ್ನೆ ಹಾಕಿದ ಆ ಹಾಡನ್ನಂತೂ ಕೇಳದವರೇ ಇಲ್ಲ. ಬಾಗಿಲು ತೆರೆದಿಟ್ಟು ಕಾಯುವ ಹೆಣ್ಣಿನ ಹಾಡು. ಕೊನೆಯ ಚರಣದಲ್ಲಿ ಟ್ರಂಪೆಟ್ ಥಟ್ಟನೆ ನಿಲ್ಲುತ್ತದೆ. ಮರುಕ್ಷಣ ಗಾಯಕಿಯ ದನಿ ಒಡೆಯುತ್ತದೆ. ಆಮೇಲೆ ಆ ಹಾಡನ್ನು ಹಾಡಿದ ಗಾಯಕಿಯರೆಲ್ಲ, ಒಡೆದ ದನಿಯೂ ರಾಗದ ಭಾಗವೇನೋ ಎಂಬಂತೆ ಅದೇ ಜಾಗದಲ್ಲಿ ದನಿ ಒಡೆದುಕೊಂಡೇ ಹಾಡಿದ್ದರು!

ರೆಕಾರ್ಡಿನ ಹೊದಿಕೆಯ ಮೇಲೆ ಕಂಪನಿಯವರು ಕಾರಣ ಅಚ್ಚು ಹಾಕಿಸಿದ್ದರು. ಗಾಯಕಿಯನ್ನು ಪ್ರೀತಿಸಿದ ಟ್ರಂಪೆಟ್‌ನವನು ಹಾಡಿನ ನಡುವೆಯೇ ಅವಳನ್ನು ಬಿಟ್ಟು ಹೊರಟುಹೋದ. ಅವಳು ಅಳುತ್ತಲೇ ಹಾಡಿ ಮುಗಿಸಿದಳು. 'ಹೇಡಿ' ಎಂಬ ಪದವೊಂದು ಮಾತ್ರ ಸಂಜೆಯಕ್ಕನ ಸ್ವಂತದ್ದು. ಮಾತಿನ ಭರದಲ್ಲಿ ಬಂದದ್ದು.

"ಹಾಗಾದ್ರೆ ಅದು ಸುಳ್ಳಾ? ನಿಜ ಏನು ಹೇಳಿ, ನಾಳೆಯೇ ತಿದ್ದುತ್ತೀನಿ."

ಅವನ ಕೋಪವೆಲ್ಲ ಸರ್ರನೆ ಇಳಿದುಹೋಯಿತು.

"ನನಗೆ... ಗೊತ್ತಿಲ್ಲ" ಎಂದವನೇ ಚೀಲ ಹೆಗಲಿಗೇರಿಸಿಕೊಂಡು ಹೊರಟುಬಿಟ್ಟ.

ಗೊತ್ತಿಲ್ಲವಾ? ಮಗನಿಗೇ? ಆ ಎರಡು ಪದ ಅವಳ ನಿದ್ದೆ ಕೆಡಿಸಿದವು.

ಮರುದಿನ ವಿಳಾಸ ಕೇಳಿಕೊಂಡು ಅವರ ಮನೆಗೆ ಹೋದಳು. ಪಿಯಾನೊ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಕಿಟಕಿಯ ಬಳಿ ಕುಳಿತಿದ್ದ ಮುದುಕರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ದನಿ ಕೇಳಿ ವಯಸ್ಸಾದ ಹೆಂಗಸು ಅಂದ್ಕೊಂಡಿದ್ದೆ. ನೀನಿನ್ನೂ ಹುಡುಗಿ!"

"ಸರ್, ನನ್ನಿಂದ ದೊಡ್ಡ ತಪ್ಪಾಗಿದೆ..."

"ತಪ್ಪು ನಿನ್ನದಲ್ಲ ಮಗಳೇ. ಅಚ್ಚಾಗಿದ್ದನ್ನ ಓದಿದೆ. ನಿಜ ಹೇಳ್ತೀನಿ, ಆದ್ರೆ ಇಲ್ಲಲ್ಲ. ಸುಳ್ಳು ಎಷ್ಟು ಕಿವಿಗೆ ಬಿದ್ದಿದೆಯೋ ನಿಜಾನೂ ಅಷ್ಟು ಕಿವಿಗೆ ಬೀಳ್ಲಿ. ನಿನ್ನ ರೇಡಿಯೋದಲ್ಲೇ ಹೇಳ್ತೀನಿ, ನೇರವಾಗಿ. ಅಲ್ಲೀವರೆಗೆ ಏನೂ ಕೇಳ್ಬೇಡ."

ಬಾಗಿಲಲ್ಲಿ ನಿಂತಿದ್ದ ಮಗನ ಮುಖ ಬಿಳಿಚಿಕೊಂಡಿತು.

ಮುದುಕರ ಎದೆ ಅಷ್ಟು ಗಟ್ಟಿಯಿರಲಿಲ್ಲ. ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದು ಡಾಕ್ಟರು ಹೇಳಿದ್ದರಿಂದ ಕಾರ್ಯಕ್ರಮ ಮುಂದಕ್ಕೆ ಹೋಯಿತು. ಅವಳು ನೋಡಿಕೊಂಡು ಹೋಗುವ ನೆಪದಲ್ಲಿ ಬರತೊಡಗಿದಳು. ನೆಪ ಬರಬರುತ್ತ ತೆಳುವಾಯಿತು. ಮುದುಕರು ಮಲಗಿದ್ದರೂ ಅಂಗಡಿಯಲ್ಲೇ ಉಳಿಯುವಳು.

"ಈ ಎರಡು ತಂತಿ ಜಗಳ ಆಡ್ತಿವೆ, ಕೇಳಿಸ್ತಾ?" ಎಂದು ಅವನು ಕೀಲಿ ಒತ್ತುವನು. ವಂಯ್... ವಂಯ್... ಎಂದು ನಾದ ಅಲುಗುವುದು. ತಂತಿ ಬಿಗಿದಂತೆ ಅಲುಗಾಟ ನಿಧಾನವಾಗಿ, ಕೊನೆಗೆ ಎರಡೂ ಒಂದಾಗುವವು. ಆಗ ಅವನ ಮುಖದಲ್ಲಿ ಮೂಡುವ ಸಮಾಧಾನವನ್ನು ಅವಳು ಕದ್ದು ನೋಡುವಳು.

"ಎಲ್ರೂ ನನ್ನ ಅಕ್ಕ ಅಂತಾರೆ. ನೀವು ಒಂದು ಸಲಾನೂ ಅನ್ನಲಿಲ್ಲ."

"ಅದೊಂದು ಮಾತ್ರ ನನ್ನ ಬಾಯಲ್ಲಿ ಬರಲ್ಲ" ಎಂದವನು ತಲೆಯನ್ನು ಪುನಃ ಪಿಯಾನೊದೊಳಗೆ ತೂರಿಸಿಕೊಂಡ. ಅವಳ ಕೆನ್ನೆ ಬಿಸಿಯಾಯಿತು.

ಒಂದು ಸಂಜೆ ಅವನೇ ಬಾಯಿಬಿಟ್ಟ.

"ಆ ಹಾಡು ಹಾಡಿದವರು ನಮ್ಮಮ್ಮ."

ಅವಳು ತಿರುಗಿ ಅವನನ್ನೇ ನೋಡಿದಳು.

"ನಾನು ಸಣ್ಣವನಿದ್ದಾಗ ತೀರ್ಕೊಂಡ್ರು. ಅಪ್ಪ ಆವತ್ತಿಂದ ಟ್ರಂಪೆಟ್ ಮುಟ್ಟಿಲ್ಲ. ಶಾಲೆಯಲ್ಲಿ ಒಬ್ಬ ಮೇಷ್ಟ್ರು ಆ ಹೊದಿಕೆ ಓದಿಸಿದ್ರು. ಅಪ್ಪ ನಿಜವಾಗ್ಲೂ ಅಮ್ಮನ್ನ ಬಿಟ್ಟು ಹೋಗಿದ್ರಾ? ಆಮೇಲೆ ವಾಪಸ್ ಬಂದ್ರಾ? ಅಮ್ಮ ಅದೇ ಕೊರಗಲ್ಲಿ ಹೋದ್ರಾ? ಕೇಳೋಕೆ ಇವತ್ತಿಗೂ ಧೈರ್ಯ ಇಲ್ಲ. ನಿಜ ಅಂದ್ಬಿಟ್ರೆ?" ಅವನ ದನಿ ಇಳಿಯಿತು. "ಈ ಕಾರ್ಯಕ್ರಮ ಬೇಡ ಅನ್ಸುತ್ತೆ. ಅಪ್ಪ ಅಲ್ಲೇ ಕುಸಿದುಬಿಟ್ರೆ ನಾನೇನು ಮಾಡ್ಲಿ?"

"ನಾನು ಪಕ್ಕದಲ್ಲೇ ಇರ್ತೀನಿ. ನನ್ನ ಮೇಲೆ ನಂಬಿಕೆ ಇದೆಯಾ?"

"ಇದೆ" ಎಂದ. ಅವಳ ಕೈಯನ್ನು ಮೆಲ್ಲಗೆ ಹಿಡಿದ.

ಆದರೆ ಆ ನಂಬಿಕೆ ಮೂರೇ ದಿನದಲ್ಲಿ ಚೂರಾಯಿತು.

ಅಂದು ಸ್ಟೇಷನ್ನಿನ ಮುಖ್ಯಸ್ಥರು ಅವಳನ್ನು ಕೋಣೆಗೆ ಕರೆದಿದ್ದರು. "ನೋಡಮ್ಮ, ಮುದುಕನ್ನ ಚೆನ್ನಾಗಿ ಅಳಿಸ್ಬೇಕು. ಬಿಟ್ಟುಹೋದ ಪಾಪ, ಪಶ್ಚಾತ್ತಾಪ ಎಲ್ಲ ಕೆದಕು. ಊರಿಗೆ ಊರೇ ಕಣ್ಣೀರು ಹಾಕ್ಬೇಕು. ಇಲ್ಲಾಂದ್ರೆ ಕಾರ್ಯಕ್ರಮ ಬೇರೆಯವರಿಗೆ ಕೊಡ್ತೀನಿ, ತಿಳೀತಾ?"

"ಹೂಂ, ಸರ್." ಅಲ್ಲಿಂದ ತಪ್ಪಿಸಿಕೊಂಡರೆ ಸಾಕು ಎಂದು ಬಂದ ಎರಡಕ್ಷರ.

ತಿರುಗಿದರೆ... ತೆರೆದ ಬಾಗಿಲಾಚೆ ಅವನು! ಪಿಯಾನೊ ನೋಡಲು ಬಂದಿದ್ದವನು ಎಲ್ಲ ಕೇಳಿಸಿಕೊಂಡಿದ್ದ.

"ಇದಕ್ಕಾ ದಿನಾ ಬರ್ತಿದ್ದಿದ್ದು?" ಎಂದ, ಅಷ್ಟೇ.

"ಇಲ್ಲ! ಒಂದು ನಿಮಿಷ ಕೇಳಿ..."

ಕೇಳಲಿಲ್ಲ. ಫೋನ್ ಎತ್ತಲಿಲ್ಲ. ಅಂಗಡಿಯ ಬಾಗಿಲು ಬಡಿದರೆ ಒಳಗೆ ತಂತಿಯ ನಾದ ನಿಂತಿತೇ ಹೊರತು ಯಾರೂ ಬರಲಿಲ್ಲ.

ಕಾರ್ಯಕ್ರಮದ ಸಂಜೆ ಅವಳು ಸ್ಟುಡಿಯೋದ ಬಾಗಿಲನ್ನೇ ನೋಡುತ್ತ ಕೂತಿದ್ದಳು. ಬರುತ್ತಾರಾ? ಬಂದರೆ ಮುದುಕರು ಏನು ಹೇಳುತ್ತಾರೆ? ಬಿಟ್ಟುಹೋಗಿದ್ದು ನಿಜವೆಂದರೆ, ಆ ಮಗನ ಎದುರಿಗೇ?

ಇನ್ನೇನು ನೇರ ಪ್ರಸಾರದ ಕೆಂಪು ದೀಪ ಹತ್ತಬೇಕು ಎನ್ನುವಾಗ ಬಾಗಿಲು ತೆರೆಯಿತು. ಮಗನ ತೋಳು ಹಿಡಿದು ಮುದುಕರು ಬಂದರು.

"ಅವನು ಬೇಡ ಅಂದ. ನಾನೇ ಹಟ ಮಾಡ್ದೆ" ಎಂದು ಕುರ್ಚಿಯಲ್ಲಿ ಕುಳಿತರು. ಅವನು ಅವಳತ್ತ ನೋಡದೆ ಗಾಜಿನ ಗೋಡೆಯಾಚೆ, ಮುಖ್ಯಸ್ಥರ ಪಕ್ಕದಲ್ಲಿ ಹೋಗಿ ನಿಂತ.

ಹಾಡು ಬಂತು, ಮುಗಿಯಿತು. ಮುದುಕರ ಕಣ್ಣು ತುಂಬಿತ್ತು. ಅವಳ ಹೆಡ್‌ಫೋನಿನಲ್ಲಿ ಮುಖ್ಯಸ್ಥರ ದನಿ ಸಿಡಿಯಿತು. "ಈಗ! ಯಾಕೆ ಬಿಟ್ಟುಹೋದ್ರಿ ಅಂತ ಕೇಳು. ಅಳಿಸು!"

ಕೆಲಸ ಹೋಗುತ್ತದೆ... ಹೋಗಲಿ! ಹೆಡ್‌ಫೋನ್ ಕಳಚಿ ಮೇಜಿನ ಮೇಲಿಟ್ಟಳು.

"ಸರ್, ನಾನೇನೂ ಕೇಳಲ್ಲ. ನಿಮಗೆ ಅನ್ನಿಸಿದ್ದನ್ನ ಹೇಳಿ. ನೀರು ಬೇಕಾ ಮೊದ್ಲು?"

ಮುದುಕರು ನಸುನಕ್ಕರು. ಒಂದು ಗುಟುಕು ಕುಡಿದರು.

"ಆಗೆಲ್ಲ ಒಂದೇ ಮೈಕು. ಎಲ್ರೂ ಒಂದೇ ಕೋಣೇಲಿ. ಟ್ರಂಪೆಟ್ ಸದ್ದು ಜಾಸ್ತಿ ಅಂತ ನನ್ನನ್ನ ಹಿಂದೆ, ಬಾಗಿಲ ಹತ್ರ ನಿಲ್ಲಿಸಿದ್ರು. ನಾವಿಬ್ರೂ ಆಗಲೇ ಗಂಡ-ಹೆಂಡತಿ. ಮದುವೆಯಾದವಳು ಅಂದ್ರೆ ರೆಕಾರ್ಡು ಯಾರೂ ಕೊಳ್ಳಲ್ಲ ಅಂತ ಕಂಪನಿಯವರು ಮುಚ್ಚಿಟ್ಟಿದ್ರು. ಅವಳು ಬಸುರಿ ಅನ್ನೋದು ಅವರಿಗೂ ಗೊತ್ತಿರಲಿಲ್ಲ."

ಗಾಜಿನಾಚೆ ಅವನು ಒಂದು ಹೆಜ್ಜೆ ಮುಂದೆ ಬಂದ.

"ಕೊನೇ ಚರಣದಲ್ಲಿ ಅವಳ ಕೈ ಹೊಟ್ಟೆ ಮೇಲೆ ಹೋಗಿದ್ದು ಕಂಡೆ. ನನ್ನ ಉಸಿರೇ ಹೋಯ್ತು, ಟ್ರಂಪೆಟ್ ಕೆಳಗಿಳೀತು. ಅಷ್ಟರಲ್ಲಿ ಅವಳ ದನಿ ಒಡೀತು. ಏನಾಯ್ತೋ ಅಂತ ತುದಿಗಾಲಲ್ಲಿ ಓಡಿದೆ. ಅವಳು ಹಾಡ್ತಾನೇ ನನ್ನ ಕೈ ಎಳ್ಕೊಂಡು ಹೊಟ್ಟೆ ಮೇಲೆ ಇಟ್ಕೊಂಡ್ಳು. ಮಗು ಒದೀತಿತ್ತು! ಮೊದಲನೇ ಸಲ. ಅವಳು ಅಳ್ಲಿಲ್ಲಮ್ಮ, ನಗು ತಡ್ಕೊಳ್ತಿದ್ಳು!"

ಮುದುಕರು ಇನ್ನೊಂದು ಗುಟುಕು ನೀರು ಕುಡಿದರು.

"ಕಂಪನಿಯವರಿಗೆ ಅದು ಅಳು ಥರ ಕೇಳಿಸ್ತು. ಅಳು ಚೆನ್ನಾಗಿ ಮಾರಾಟ ಆಗುತ್ತೆ ಅಂತ, ನಾನು ಬಾಗಿಲಿಂದಾಚೆ ಹೋದೆ ಅಂತ ಬರೆಸಿದ್ರು. ನಾನು ಹೋಗಿದ್ದು ಅವಳ ಕಡೆಗೆ! ಬಾಯಿಬಿಟ್ರೆ ಅವಳಿಗೆ ಮುಂದೆ ಹಾಡೋಕೆ ಸಿಗಲ್ಲ ಅಂತ ಸುಮ್ಮನಾದೆ. ಒಂದು ದಿನ ಇಬ್ರೂ ಕೂತು ಹೇಳೋಣ ಅಂತಿದ್ಳು. ಜ್ವರ ಬಂತು, ಹೋಗ್ಬಿಟ್ಳು. ಒಬ್ಬನೇ ಹೇಳೋಕೆ ಮನಸ್ಸು ಬರಲಿಲ್ಲ. ಮಗನೂ ಕೇಳಲಿಲ್ಲ..."

ಗಾಜಿನಾಚೆ ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ. ಕಾರ್ಯಕ್ರಮ ಮುಗಿದು ಕೆಂಪು ದೀಪ ಆರಿದ್ದೇ ಓಡಿಬಂದು ಅಪ್ಪನ ಮಂಡಿಗೆ ಹಣೆಯಿಟ್ಟ.

"ಕೇಳ್ಬೇಕಿತ್ತು ಅಪ್ಪ... ಭಯ ಆಗ್ತಿತ್ತು."

"ಹುಚ್ಚಪ್ಪ! ಹುಟ್ಟೋಕೆ ಮುಂಚೆನೇ ಅಷ್ಟು ಜೋರಾಗಿ ಒದ್ದವನಿಗೆ ಎಂಥ ಭಯ?" ಎಂದು ಮುದುಕರು ಅವನ ಕೂದಲು ಕೆದರಿದರು. ಆಮೇಲೆ ಕೋಲು ಊರಿ ಎದ್ದರು. "ನಾನು ಹೊರಗೆ ಬೆಂಚಿನ ಮೇಲೆ ಕೂತಿರ್ತೀನಿ. ಅವಸರ ಏನಿಲ್ಲ."

ಇಬ್ಬರೇ ಉಳಿದರು. ಅವಳು ಮೇಜಿನ ಅಂಚು ಹಿಡಿದು ನಿಂತಿದ್ದಳು.

"ಮುಖ್ಯಸ್ಥರು ನಿಮ್ಮ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸ್ತು. ನೀವು ಹೆಡ್‌ಫೋನ್ ತೆಗೆದಿಟ್ಟಿದ್ದೂ ಕಂಡೆ" ಎಂದ. "ನಿಮ್ಮ ಮಾತು ಕೇಳದೆ ಹೋಗಿದ್ದು ನನ್ನ ತಪ್ಪು."

"ಬಾಗಿಲು ಬಡಿದೂ ಬಡಿದೂ ನನ್ನ ಕೈ ನೋಯ್ತು, ಗೊತ್ತಾ?"

"ಒಳಗೇ ನಿಂತಿದ್ದೆ. ಚಿಲಕದ ಮೇಲೆ ಕೈಯಿಟ್ಕೊಂಡು."

ಅವಳಿಗೆ ಅಳು ಬಂತು, ನಗುವೂ ಬಂತು.

"ಕೆಲಸದ ಗತಿ?" ಎಂದ ಮೆಲ್ಲಗೆ.

"ನಾಳೆ ಗೊತ್ತಾಗುತ್ತೆ. ಹೋದ್ರೂ ಹೋಗಬಹುದು... ಅದಕ್ಕಿಂತ ದೊಡ್ಡ ಭಯ ಬೇರೆ ಇದೆ. ನಿಮಗೊಂದು ಮಾತು ಹೇಳ್ಬೇಕು. ಆದ್ರೆ ಮೈಕ್ ಇಲ್ಲದೆ ನನಗೆ ಮಾತೇ ಬರಲ್ಲ."

"ಹಾಗಾದ್ರೆ ನಾನೇ ಹೇಳ್ಲಾ?" ಅವನು ಅವಳ ಹತ್ತಿರ ಬಂದ. "ನಿಮ್ಮನ್ನ ಕಂಡ್ರೆ ನನಗೆ ಜೀವ. ಯಾವಾಗ್ಲೂ... ನನ್ನ ಜೊತೆ ಇರ್ತೀರಾ?"

ಅವಳು ಕಣ್ಣೊರೆಸಿಕೊಂಡು ತಲೆಯಾಡಿಸಿದಳು.

"ಉಹೂಂ. ಅಷ್ಟು ಮರ್ಯಾದೆ ಕೊಟ್ಟು ಕೇಳಿದ್ರೆ ಇರಲ್ಲ."

ಅವನು ಒಂದು ಕ್ಷಣ ಕಕ್ಕಾಬಿಕ್ಕಿಯಾದ. ಆಮೇಲೆ ಅರ್ಥವಾಯಿತು. ಕಿವಿಯವರೆಗೆ ಕೆಂಪಾದ.

"ಇರ್ತೀಯಾ...?"

"ಇರ್ತೀನಿ ಕಣೋ."